ಹೋದವರು ಮತ್ತು ಉಳಿದವರು: ನ್ಯೂಯಾರ್ಕ್ ಅಗ್ನಿಶಾಮಕ ದಳದ ಲೆಕ್ಕಾಚಾರ

ಬೆಂಕಿ ಬಿದ್ದಿದೆಯೆಂಬ ಸುದ್ದಿ ಬಂದ ಕೂಡಲೇ ಹತ್ತಿರದ ಠಾಣೆಯಿಂದ ವಾಹನ ಹೊರಡಬೇಕು, ಅಷ್ಟೇ ತಾನೆ, ಇದರಲ್ಲಿ ಉಪನ್ಯಾಸ ಮಾಡುವಂಥದ್ದೇನಿದೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಊರಿಗೊಂದು ಠಾಣೆ, ಠಾಣೆಗೊಂದು ವಾಹನ ಇರುವಲ್ಲಿ ಆ ಮಾತು ನಿಜವೇ. ಆದರೆ ಸುಮಾರು 200 ಎಂಜಿನ್ ಕಂಪನಿಗಳೂ 140ಕ್ಕೂ ಹೆಚ್ಚು ಲ್ಯಾಡರ್ ಕಂಪನಿಗಳೂ ಇರುವ ನ್ಯೂಯಾರ್ಕಿನಂಥ ನಗರದಲ್ಲಿ, ಒಂದು ಕರೆ ಮುಗಿಯುವ ಮುನ್ನವೇ ಇನ್ನಷ್ಟು ಕರೆಗಳು ಬಂದು ನಿಲ್ಲುವಾಗ, ಯಾರನ್ನು ಕಳಿಸಬೇಕು ಎಂಬ ಪ್ರಶ್ನೆಯ ಬೆನ್ನಿಗೇ ಯಾರನ್ನು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಯೂ ಬರುತ್ತದೆ. ಮೊದಲ ಪ್ರಶ್ನೆಗೆ ಉತ್ತರ ಹತ್ತೊಂಬತ್ತನೆಯ ಶತಮಾನದಲ್ಲೇ ಬಹುಮಟ್ಟಿಗೆ ಸಿಕ್ಕಿತ್ತು. ಅಲ್ಲಿಂದೀಚಿನ ಇತಿಹಾಸದಲ್ಲಿ ಬಹುಭಾಗ ಎರಡನೆಯ ಪ್ರಶ್ನೆಯದು ಎಂಬುದು ನನ್ನ ಅಭಿಪ್ರಾಯ. ಈ ಸಂಜೆಯ ಮಾತೆಲ್ಲ ಅದರ ಸುತ್ತಲೇ ಇರುತ್ತದೆ.

ಮೊದಲು ಈ ಎರಡು ಬಗೆಯ ತಂಡಗಳ ಕೆಲಸವನ್ನು ಬಿಡಿಸಿ ಹೇಳಬೇಕು. ನಮ್ಮ ಕರ್ನಾಟಕದ ಠಾಣೆಗಳಲ್ಲಿ ಸಾಮಾನ್ಯವಾಗಿ ನೀರಿನ ಟ್ಯಾಂಕು, ಪಂಪು, ಹೋಸು, ಏಣಿ ಎಲ್ಲವನ್ನೂ ಹೊತ್ತ ಒಂದೇ ವಾಹನದಲ್ಲಿ ಒಂದೇ ತಂಡ ಹೋಗಿ ಎಲ್ಲ ಕೆಲಸವನ್ನೂ ನಿಭಾಯಿಸುತ್ತದೆ. ಅಮೆರಿಕದ ದೊಡ್ಡ ನಗರಗಳಲ್ಲಿ ಕೆಲಸ ಎರಡು ಪಾಲಾಗಿದೆ. ಒಂದು ವಾಹನ, ಅದರ ಅಧಿಕಾರಿ ಮತ್ತು ಸಿಬ್ಬಂದಿ ಸೇರಿದರೆ ಒಂದು ಕಂಪನಿ. ಎಂಜಿನ್ ಕಂಪನಿಯದು ನೀರಿನ ಹೊಣೆ: ಪಂಪನ್ನು ಬೀದಿಬದಿಯ ನೀರಿನ ಕೊಳಾಯಿಯಾದ ಹೈಡ್ರಂಟಿಗೆ ಜೋಡಿಸುವುದು, ಹೋಸನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಹೋಗುವುದು, ಬೆಂಕಿಯಿರುವ ಕೋಣೆಗೆ ನೀರು ಹಾಯಿಸುವುದು. ನ್ಯೂಯಾರ್ಕಿನ ಲ್ಯಾಡರ್ ಕಂಪನಿಯ ವಾಹನದಲ್ಲಿ ನೀರಿನ ಪಂಪೇ ಇಲ್ಲ. ಅಧಿಕಾರಿಯನ್ನು ಬಿಟ್ಟು ಅಲ್ಲಿರುವ ಐವರಿಗೂ ಕೆಲಸ ಮೊದಲೇ ಗೊತ್ತಾಗಿರುತ್ತದೆ. ಒಬ್ಬನ ಕೈಯಲ್ಲಿ ಕೊಡಲಿ ಮತ್ತು ಬಾಗಿಲು ಮೀಟುವ ಕಬ್ಬಿಣದ ಸಲಾಕೆ. ಇನ್ನೊಬ್ಬನ ಕೈಯಲ್ಲಿ ಎರಡೂವರೆ ಗ್ಯಾಲನ್, ಅಂದರೆ ಸುಮಾರು ಒಂಬತ್ತೂವರೆ ಲೀಟರ್, ನೀರಿನ ಸಿಲಿಂಡರು ಮತ್ತು ಕೊಕ್ಕೆ. ಈ ಇಬ್ಬರು ಅಧಿಕಾರಿಯ ಜೊತೆ ಒಳಗೆ ನುಗ್ಗಿ ಸಿಕ್ಕಿಕೊಂಡವರನ್ನು ಹುಡುಕುತ್ತಾರೆ. ಮೂರನೆಯವನು ಹೊರಗಿನಿಂದ ಕಿಟಕಿ ಒಡೆದು ಹೊಗೆಗೆ ದಾರಿ ಮಾಡುತ್ತಾನೆ, ನಾಲ್ಕನೆಯವನು ಚಾವಣಿಗೆ ಹೋಗಿ ಮೆಟ್ಟಿಲ ಮೇಲಿನ ಬಾಗಿಲನ್ನೋ ಗಾಜಿನ ಮುಚ್ಚಳವನ್ನೋ ಕಿತ್ತು ತೆಗೆಯುತ್ತಾನೆ, ಚಾಲಕ ಏಣಿಯ ಬಳಿ ನಿಲ್ಲುತ್ತಾನೆ. ಹೊಗೆಗೂ ಬಿಸಿಗೂ ಹೊರದಾರಿ ಸಿಗದಿದ್ದರೆ ಹೋಸು ಹಿಡಿದವರು ಒಳಗೆ ನಿಲ್ಲಲಾರರು. ನೀರು ಬಾರದಿದ್ದರೆ ಹುಡುಕಲು ಹೋದವರು ಉಳಿಯಲಾರರು. ಆದ್ದರಿಂದ ಎರಡೂ ಬಗೆಯ ಕಂಪನಿಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತಲುಪಬೇಕು. ಲ್ಯಾಡರ್ ಕಂಪನಿಗಳ ಸಂಖ್ಯೆ ಕಡಿಮೆಯಾದ್ದರಿಂದ ಪ್ರತಿಯೊಂದರ ಪಾಲಿಗೆ ಬರುವ ಪ್ರದೇಶ ದೊಡ್ಡದು, ಹಾಗಾಗಿ ಒಂದನ್ನು ಕಳಿಸಿದಾಗ ಬೀಳುವ ತೆರಪೂ ದೊಡ್ಡದು. ಇದನ್ನು ನೆನಪಿನಲ್ಲಿಡಿ.

1865ಕ್ಕೆ ಮೊದಲು ನ್ಯೂಯಾರ್ಕಿನಲ್ಲಿ ಯಾರೂ ಯಾರನ್ನೂ ಕಳಿಸುತ್ತಿರಲಿಲ್ಲ. ಗೋಪುರದ ಮೇಲಿನ ಕಾವಲುಗಾರ ಹೊಗೆ ಕಂಡು ಗಂಟೆ ಬಾರಿಸುತ್ತಿದ್ದ, ಪೆಟ್ಟುಗಳ ಸಂಖ್ಯೆಯಿಂದ ನಗರದ ಯಾವ ಭಾಗ ಎಂಬುದು ತಿಳಿಯುತ್ತಿತ್ತು, ಸ್ವಯಂಸೇವಕ ಕಂಪನಿಗಳು ಪೈಪೋಟಿಯಿಂದ ಓಡುತ್ತಿದ್ದವು. ಮೊದಲು ತಲುಪಿದವರು ಹೈಡ್ರಂಟಿಗಾಗಿ ಬಡಿದಾಡಿಕೊಂಡ ಕಥೆಗಳು ಬೇಕಾದಷ್ಟಿವೆ. ಹಾರ್ಲೆಮ್‌ನ ಮಾರ್ಕಸ್ ಗಾರ್ವಿ ಪಾರ್ಕಿನ ಗುಡ್ಡದ ಮೇಲೆ ಆ ಕಾಲದ ಎರಕದ ಕಬ್ಬಿಣದ ಗೋಪುರವೊಂದು ಈಗಲೂ ನಿಂತಿದೆ. 1865ರಲ್ಲಿ ಸಂಬಳದ ದಳ ಬಂದ ಮೇಲೆ ಸ್ಪರ್ಧೆ ಹೋಗಿ ಶಿಸ್ತು ಬಂತು; ಆದರೆ ಶಿಸ್ತಿಗೆ ಬೇಕಾದ ಸಾಧನ ಬಂದದ್ದು ಬಾಸ್ಟನ್‌ನಿಂದ.

1852ರ ಏಪ್ರಿಲ್‌ನಲ್ಲಿ ಬಾಸ್ಟನ್ ನಗರವು ವಿಲಿಯಂ ಚಾನಿಂಗ್ ಮತ್ತು ಮೋಸೆಸ್ ಫಾರ್ಮರ್ ರೂಪಿಸಿದ ಟೆಲಿಗ್ರಾಫ್ ಎಚ್ಚರಿಕೆ ವ್ಯವಸ್ಥೆಯನ್ನು ಬಳಕೆಗೆ ತಂದಿತು. ಬೀದಿ ಮೂಲೆಯ ಕಬ್ಬಿಣದ ಪೆಟ್ಟಿಗೆಯೊಳಗೆ ಹಲ್ಲುಗಳಿದ್ದ ಒಂದು ಚಕ್ರ. ಮುಂದೆ ಬಂದ ಸ್ಪ್ರಿಂಗಿನ ಪೆಟ್ಟಿಗೆಗಳಲ್ಲಿ ಹಿಡಿಯನ್ನು ಒಮ್ಮೆ ಎಳೆದರೆ ಸಾಕು, ಚಕ್ರ ತಾನಾಗಿ ತಿರುಗಿ ವಿದ್ಯುತ್ ಮಂಡಲವನ್ನು ತನ್ನ ಹಲ್ಲುಗಳ ಲೆಕ್ಕದಲ್ಲಿ ಕಡಿದು ಜೋಡಿಸುತ್ತಿತ್ತು. 247ನೆಯ ಪೆಟ್ಟಿಗೆಯಾದರೆ ಎರಡು ಪೆಟ್ಟು, ಬಿಡುವು, ನಾಲ್ಕು ಪೆಟ್ಟು, ಬಿಡುವು, ಏಳು ಪೆಟ್ಟು. ಮತ್ತೆ ಅದೇ ಸಾಲು. ಮಾತಿಲ್ಲ, ವಿವರವಿಲ್ಲ; ಬೆಂಕಿ ಎಷ್ಟು ದೊಡ್ಡದು, ಕಟ್ಟಡ ಯಾವುದು ಎಂಬುದೊಂದೂ ಗೊತ್ತಾಗದು, ಜಾಗ ಮಾತ್ರ ಗೊತ್ತಾಗುತ್ತದೆ. ಆದರೆ ಆ ಜಾಗ ನಿಖರ. ಅದರ ಬೆಲೆ ತಿಳಿಯಬೇಕಾದರೆ 1871ರ ಅಕ್ಟೋಬರ್ 8ರ ರಾತ್ರಿಯ ಶಿಕಾಗೊ ನೋಡಬೇಕು. ಹಿಂದಿನ ರಾತ್ರಿಯಷ್ಟೇ ದೊಡ್ಡ ಬೆಂಕಿಯೊಂದರ ಜೊತೆ ಹೆಣಗಿ ಅಲ್ಲಿನ ದಳ ಬಳಲಿತ್ತು. ನ್ಯಾಯಾಲಯದ ಗೋಪುರದ ಕಾವಲುಗಾರ ದೂರದ ಬೆಳಕನ್ನು ತಪ್ಪಾಗಿ ಅಂದಾಜು ಮಾಡಿ, ನಿಜವಾದ ಜಾಗದಿಂದ ಸುಮಾರು ಒಂದು ಮೈಲಿ ಆಚೆಗಿನ 342ನೆಯ ಪೆಟ್ಟಿಗೆಯ ಸಂಖ್ಯೆಯನ್ನು ಬಾರಿಸಲು ಹೇಳಿದ. ತಪ್ಪು ಅರಿವಾಗಿ ತಿದ್ದುವಂತೆ ಕೇಳಿದಾಗ, ಈಗ ಬೇರೆ ಸಂಖ್ಯೆ ಕೊಟ್ಟರೆ ಗೊಂದಲವಾಗುತ್ತದೆ ಎಂದು ತಂತಿಯ ಸಿಬ್ಬಂದಿ ಒಪ್ಪಲಿಲ್ಲ. ಶಿಕಾಗೊ ಸುಟ್ಟದ್ದಕ್ಕೆ ಬರಗಾಲದಂಥ ಒಣ ಹವೆ, ಗಾಳಿ, ಮರದ ಮನೆಗಳು ಮುಖ್ಯ ಕಾರಣಗಳೇ. ಆದರೂ ಆ ಮೊದಲ ನಿಮಿಷಗಳಲ್ಲಿ ಹತ್ತಿರದ ಉಗಿ ಎಂಜಿನ್ನುಗಳು ಬೇರೆ ಕಡೆ ಹೋದದ್ದು ಸಣ್ಣ ಸಂಗತಿಯಲ್ಲ.

ಪೆಟ್ಟಿಗೆಯ ಸಂಖ್ಯೆಗೆ ಅರ್ಥ ಕೊಟ್ಟದ್ದು ಕಾರ್ಡು. ಈ ಕಾರ್ಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಗರದ ಪ್ರತಿ ಪೆಟ್ಟಿಗೆಗೂ ಒಂದು ಕಾರ್ಡು. ಅದರ ಮೇಲೆ ಅಡ್ಡ ಸಾಲುಗಳು. ಮೊದಲ ಸಾಲಿನಲ್ಲಿ ಮೊದಲ ಅಲಾರಂಗೆ ಹೊರಡಬೇಕಾದವರು, ನ್ಯೂಯಾರ್ಕಿನ ವಾಡಿಕೆಯಂತೆ ಮೂರು ಎಂಜಿನ್, ಎರಡು ಲ್ಯಾಡರ್, ಒಬ್ಬ ಮುಖ್ಯಾಧಿಕಾರಿ, ಹತ್ತಿರದಿಂದ ದೂರಕ್ಕೆ ಕ್ರಮವಾಗಿ. ಎರಡನೆಯ ಸಾಲಿನಲ್ಲಿ, ಅವರು ಸಾಲದೆ ಹೋದರೆ ಕರೆಯುವ ಎರಡನೆಯ ಅಲಾರಂನವರು, ಹೀಗೆ ಐದರವರೆಗೆ. ಕಾರ್ಡಿನ ಇನ್ನೊಂದು ಭಾಗದಲ್ಲಿ, ಅಷ್ಟೇ ಜತನದಿಂದ, ಸ್ಥಳಾಂತರದ ಪಟ್ಟಿ: ಇಷ್ಟನೆಯ ಅಲಾರಂ ಆದಾಗ ಇಂಥ ಕಂಪನಿ ತನ್ನ ಠಾಣೆ ಬಿಟ್ಟು, ಖಾಲಿಯಾದ ಇಂಥ ಠಾಣೆಗೆ ಹೋಗಿ ಕೂರಬೇಕು. ಬೆಂಕಿಯ ಕಡೆ ಹೋಗದೆ ಬೆಂಕಿಯಿಲ್ಲದ ಠಾಣೆಗೆ ಹೋಗಿ ಕಾಯುವುದು ಈ ಇಲಾಖೆಯ ಅತ್ಯಂತ ನೀರಸ ಕೆಲಸವಾಗಿರಬಹುದು, ಆದರೆ ನನ್ನ ಲೆಕ್ಕದಲ್ಲಿ ಅತ್ಯಂತ ಬುದ್ಧಿವಂತ ಕೆಲಸವೂ ಅದೇ.

ಪೆಟ್ಟುಗಳು ಎಲ್ಲ ಠಾಣೆಗಳಲ್ಲೂ ಕೇಳುತ್ತಿದ್ದವು. ಕಾವಲು ಪಾಳಿಯವನು ಅವನ್ನು ಎಣಿಸಿ, ಕಾಗದದ ಪಟ್ಟಿಯ ಮೇಲೆ ಬಿದ್ದ ತೂತುಗಳೊಂದಿಗೆ ತಾಳೆ ನೋಡಿ, ಸಂಖ್ಯೆ ತನ್ನ ಠಾಣೆಯ ಪಟ್ಟಿಯಲ್ಲಿದ್ದರೆ ಕೂಗುತ್ತಿದ್ದ. ಗಂಟೆ ಬಾರಿಸಿದ ಕ್ಷಣ ಲಾಯದ ಸರಪಳಿ ಕಳಚಿ ಕುದುರೆಗಳು ತಾವಾಗಿ ಎಂಜಿನ್ನಿನ ಮುಂದೆ ಬಂದು ನಿಲ್ಲುತ್ತಿದ್ದವು, ಚಾವಣಿಯಿಂದ ತೂಗುಬಿಟ್ಟ ಜೀನು ಅವುಗಳ ಬೆನ್ನಿಗಿಳಿಯುತ್ತಿತ್ತು. ನ್ಯೂಯಾರ್ಕ್ ದಳದ ಕೊನೆಯ ಕುದುರೆ ಎಂಜಿನ್ ಬ್ರೂಕ್ಲಿನ್‌ನಲ್ಲಿ 1922ರ ಡಿಸೆಂಬರ್ 20ರಂದು ನಿವೃತ್ತಿಯಾಯಿತು. ಪೆಟ್ಟುಗಳ ಭಾಷೆ ಅದಕ್ಕಿಂತ ಬಹಳ ಕಾಲ ಬಾಳಿತು. ಎರಡನೆಯ ಅಲಾರಂಗೆ 2-2, ಮೂರಕ್ಕೆ 3-3. ಕರ್ತವ್ಯದಲ್ಲಿ ಸಿಬ್ಬಂದಿ ಸತ್ತರೆ ಸಾರುವ ಸಂಕೇತ ಇವತ್ತಿಗೂ 5-5-5-5. ಪೆಟ್ಟುಗಳನ್ನು ಸ್ವೀಕರಿಸಿ ಮತ್ತೆ ಹರಡುವ ಕೇಂದ್ರಗಳನ್ನು ಆ ನಗರ ಉದ್ಯಾನಗಳಲ್ಲಿ ಕಟ್ಟಿಕೊಂಡಿತು, ಮ್ಯಾನ್‌ಹ್ಯಾಟನ್‌ನದು ಸೆಂಟ್ರಲ್ ಪಾರ್ಕಿನಲ್ಲಿ, ಕ್ವೀನ್ಸ್‌ನದು ಫಾರೆಸ್ಟ್ ಪಾರ್ಕಿನಲ್ಲಿ. ಊರೇ ಹೊತ್ತಿಕೊಂಡರೂ ಕೇಂದ್ರಕ್ಕೆ ಬೆಂಕಿ ತಾಗಬಾರದು ಎಂಬುದು ಲೆಕ್ಕ.

ಇಲ್ಲಿ ಗಮನಿಸಬೇಕಾದ್ದು ನಿರ್ಧಾರ ಎಲ್ಲಿ ನಡೆಯುತ್ತಿತ್ತು ಎಂಬುದು. ಬೆಂಕಿ ಬಿದ್ದ ರಾತ್ರಿ ಯಾರೂ ಯೋಚಿಸಬೇಕಾಗಿರಲಿಲ್ಲ. ಹಿಂದೆಂದೋ, ಹಗಲು ಹೊತ್ತಿನಲ್ಲಿ, ನಕ್ಷೆ ಮುಂದಿಟ್ಟುಕೊಂಡು ಯೋಚಿಸಿದವರ ಉತ್ತರ ಕಾರ್ಡಿನ ಮೇಲಿರುತ್ತಿತ್ತು. ಅದು ಕಾರ್ಡಿನ ಬಲ. ದೌರ್ಬಲ್ಯವೂ ಅದರಲ್ಲೇ ಇತ್ತು: ನಗರದಲ್ಲಿ ಈಗ ಇದೊಂದೇ ಬೆಂಕಿ ಇದೆ, ಉಳಿದವರೆಲ್ಲ ಅವರವರ ಠಾಣೆಯಲ್ಲಿದ್ದಾರೆ ಎಂದು ಪ್ರತಿ ಕಾರ್ಡೂ ನಂಬಿತ್ತು. ಪಕ್ಕದ ಬಡಾವಣೆಯಲ್ಲಿ ಇನ್ನೊಂದು ಬೆಂಕಿ ಇದ್ದರೆ, ಆಗಲೇ ಹೊರಗಿರುವ ಕಂಪನಿಯನ್ನೇ ಕಾರ್ಡು ಕರೆಯುತ್ತಿತ್ತು. ಆಗಲೇ ಖಾಲಿಯಾದ ಪ್ರದೇಶದಿಂದಲೇ ಇನ್ನೊಂದು ಕಂಪನಿಯನ್ನು ಎಬ್ಬಿಸಿ ಬೇರೆಡೆ ಕೂರಿಸಲು ಹೇಳುತ್ತಿತ್ತು.

1960ರ ದಶಕದಲ್ಲಿ ಆ ನಂಬಿಕೆ ಮುರಿದುಬಿತ್ತು. ಕೆಲವೇ ವರ್ಷಗಳಲ್ಲಿ ನ್ಯೂಯಾರ್ಕಿನ ಕರೆಗಳು ಇಮ್ಮಡಿಯಾದವು. ದಕ್ಷಿಣ ಬ್ರಾಂಕ್ಸ್, ಬ್ರೌನ್ಸ್‌ವಿಲ್, ಹಾರ್ಲೆಮ್‌ಗಳ ಹಳೆಯ ವಠಾರಗಳಲ್ಲಿ ಸಂಜೆಯಿಂದ ನಡುರಾತ್ರಿಯವರೆಗೆ ಕಂಪನಿಗಳು ಠಾಣೆಗೆ ಮರಳದೆ ಒಂದು ಕರೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದವು. ಅದರ ಮೇಲೆ ಸುಳ್ಳು ಕರೆಗಳ ಹಾವಳಿ. ಪೆಟ್ಟಿಗೆಗೆ ಮಾತು ಬಾರದಾದ್ದರಿಂದ ಹುಡುಗನೊಬ್ಬ ಆಟಕ್ಕೆ ಎಳೆದರೂ ಮೂರು ಎಂಜಿನ್ನು, ಎರಡು ಲ್ಯಾಡರು ಓಡಬೇಕು. ದಕ್ಷಿಣ ಬ್ರಾಂಕ್ಸ್‌ನ ಇಂಟರ್ವೇಲ್ ಅವೆನ್ಯೂದ 82ನೆಯ ಎಂಜಿನ್ ಕಂಪನಿಯ ಹೊರೆ ಎಷ್ಟಾಯಿತೆಂದರೆ ಅದೇ ಠಾಣೆಯಲ್ಲಿ 85 ಎಂಬ ಇನ್ನೊಂದು ಎಂಜಿನ್ ಕಂಪನಿಯನ್ನು ಹುಟ್ಟುಹಾಕಬೇಕಾಯಿತು.

ಆಗಿನ ಮೇಯರ್ ಜಾನ್ ಲಿಂಡ್ಸೆ ಮತ್ತು ದಳದ ಮುಖ್ಯಸ್ಥ ಜಾನ್ ಓಹೇಗನ್ ಅವರ ಕಾಲದಲ್ಲಿ, 1968ರಿಂದ, ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯ ಗಣಿತಜ್ಞರು ಈ ಕಗ್ಗಂಟನ್ನು ಕೈಗೆತ್ತಿಕೊಂಡರು. ಇವರಲ್ಲಿ ಪೀಟರ್ ಕೊಲೆಸರ್ ಮತ್ತು ಎಡ್ವರ್ಡ್ ಬ್ಲಮ್ 1973ರಲ್ಲಿ ಪ್ರಕಟಿಸಿದ ಒಂದು ಸರಳ ನಿಯಮ ಈ ವಿಷಯದ ತಿರುಳನ್ನು ಹಿಡಿಯುತ್ತದೆ. ಒಂದು ಪ್ರದೇಶದಲ್ಲಿ ಬೆಂಕಿಗೆ ಹತ್ತಿರದ ಕಂಪನಿ ಕ್ರಮಿಸಬೇಕಾದ ಸರಾಸರಿ ದೂರವು, ಆ ಪ್ರದೇಶದ ವಿಸ್ತೀರ್ಣವನ್ನು ಆ ಕ್ಷಣ ಬಿಡುವಾಗಿರುವ ಕಂಪನಿಗಳ ಸಂಖ್ಯೆಯಿಂದ ಭಾಗಿಸಿ ಬಂದದ್ದರ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ದೂರ ಅರ್ಧವಾಗಬೇಕಾದರೆ ಕಂಪನಿಗಳು ನಾಲ್ಕು ಪಟ್ಟಾಗಬೇಕು. ಹದಿನಾರು ಕಂಪನಿಗಳಲ್ಲಿ ಏಳು ಹೊರಗಿದ್ದು ಒಂಬತ್ತು ಉಳಿದರೆ ದೂರ ಮೂರನೇ ಒಂದು ಭಾಗ ಹೆಚ್ಚುತ್ತದೆ. ಹನ್ನೆರಡು ಹೊರಗಿದ್ದು ನಾಲ್ಕೇ ಉಳಿದರೆ ದುಪ್ಪಟ್ಟಾಗುತ್ತದೆ. ಈ ಸೂತ್ರದಲ್ಲಿ ಮುಖ್ಯವಾದ ಮಾತು "ಬಿಡುವಾಗಿರುವ" ಎಂಬುದು. ಎಷ್ಟು ಕಂಪನಿಗಳಿಗೆ ನಗರ ಸಂಬಳ ಕೊಡುತ್ತಿದೆ ಎಂಬುದಲ್ಲ, ಈ ಗಳಿಗೆಯಲ್ಲಿ ಎಷ್ಟು ಖಾಲಿ ಇವೆ ಎಂಬುದು ಲೆಕ್ಕಕ್ಕೆ ಬರುತ್ತದೆ.

ಇದರಿಂದ ಹೊರಟ ತೀರ್ಮಾನಗಳು ಹಳೆಯ ಅಧಿಕಾರಿಗಳಿಗೆ ಕಸಿವಿಸಿ ತರುವಂಥವು. ಮೊದಲನೆಯದಾಗಿ, ಸುಳ್ಳು ಕರೆ ಹೆಚ್ಚಾಗಿರುವ ಪೆಟ್ಟಿಗೆಗಳಿಗೆ ಅಂಥ ಹೊತ್ತಿನಲ್ಲಿ ಆರಂಭದಲ್ಲೇ ಕಡಿಮೆ ಕಂಪನಿಗಳನ್ನು ಕಳಿಸಿ, ನಿಜವಾದ ಬೆಂಕಿಯೆಂದು ತಿಳಿದರೆ ಉಳಿದವರನ್ನು ಕರೆಸಿಕೊಳ್ಳುವುದು. ದಟ್ಟ ವಠಾರದಲ್ಲಿ ಎರಡನೆಯ ಲ್ಯಾಡರ್ ಕಂಪನಿ ತಡವಾದರೆ ಏನಾಗುತ್ತದೆಂದು ಬಲ್ಲವರು ಇದನ್ನು ಸುಲಭವಾಗಿ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಆದರೆ ಸುಳ್ಳು ಕರೆಗೆ ಹೋದ ಎರಡನೆಯ ಲ್ಯಾಡರು ನಿಜವಾದ ಬೆಂಕಿಗೆ ಮೊದಲನೆಯದಾಗಿ ಸಿಗದೆ ಹೋಗುತ್ತದೆ ಎಂಬುದೂ ಸುಳ್ಳಲ್ಲ. ಎರಡನೆಯದು ಇನ್ನೂ ವಿಚಿತ್ರ. ಗ್ರೇಸ್ ಕಾರ್ಟರ್, ಯಾನ್ ಚೇಕನ್, ಎಡ್ವರ್ಡ್ ಇಗ್ನಲ್ 1972ರಲ್ಲಿ ತೋರಿಸಿದಂತೆ, ಯಾವಾಗಲೂ ಅತಿ ಹತ್ತಿರದವರನ್ನೇ ಕಳಿಸಿದರೆ ಸರಾಸರಿ ಸಮಯ ಅತಿ ಕಡಿಮೆಯಾಗುತ್ತದೆ ಎಂಬ ಖಾತರಿ ಇಲ್ಲ. ಗಿಜಿಗುಟ್ಟುವ ಬಡಾವಣೆಯ ಕಂಪನಿಗೂ ಶಾಂತ ಬಡಾವಣೆಯ ಕಂಪನಿಗೂ ನಡುವಿನ ಗಡಿಯಲ್ಲಿ ಕರೆ ಬಂದರೆ, ತುಸು ದೂರವಾದರೂ ಶಾಂತ ಬಡಾವಣೆಯವರನ್ನು ಕಳಿಸುವುದು ಲೇಸು. ಏಕೆಂದರೆ ಮುಂದಿನ ಕರೆ ಗಿಜಿಗುಟ್ಟುವ ಬಡಾವಣೆಯಿಂದಲೇ ಬರುವ ಸಂಭವ ಹೆಚ್ಚು.

ಮೂರನೆಯದು ಸ್ಥಳಾಂತರ. ಕೊಲೆಸರ್ ಮತ್ತು ವಾರನ್ ವಾಕರ್ 1974ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕಾರ್ಡಿನ ಕುರುಡುತನಕ್ಕೆ ಮದ್ದಿತ್ತು. ತನಗೆ ಅತಿ ಹತ್ತಿರದ ಕಂಪನಿಗಳೆಲ್ಲ ಹೊರಗಿರುವ ಪುಟ್ಟ ಪ್ರದೇಶ ಯಾವುದು ಎಂದು ಕಂಪ್ಯೂಟರ್ ನೋಡುತ್ತಲೇ ಇರಬೇಕು. ಅಂಥದ್ದು ಕಂಡ ಕೂಡಲೇ ಯಾವ ಖಾಲಿ ಠಾಣೆಗಳನ್ನು ತುಂಬಬೇಕು, ಯಾವ ಕಂಪನಿಯನ್ನು ತೆಗೆದರೆ ಅದರ ಸ್ವಂತ ಬೀದಿಗಳಿಗೆ ಅತಿ ಕಡಿಮೆ ನಷ್ಟ ಎಂದು ಲೆಕ್ಕ ಹಾಕಬೇಕು. ಹಗಲಲ್ಲಿ ಬರೆದಿಟ್ಟ ಉತ್ತರದ ಜಾಗಕ್ಕೆ ಆ ಗಳಿಗೆಯ ಉತ್ತರ ಬಂತು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಗಣಿತದ ಜಯಗಾಥೆಯಾಗುತ್ತಿತ್ತು. ಆದರೆ ನಗರದ ಬೊಕ್ಕಸ ಬರಿದಾಗುತ್ತಿದ್ದ ಕಾಲವದು. 1972ರಿಂದ ಮುಂದಿನ ನಾಲ್ಕೈದು ವರ್ಷಗಳಲ್ಲಿ ಹಲವು ಕಂಪನಿಗಳನ್ನು ಮುಚ್ಚಲಾಯಿತು ಅಥವಾ ಬೇರೆಡೆಗೆ ಸಾಗಿಸಲಾಯಿತು, ಅವುಗಳಲ್ಲಿ ಎಷ್ಟೋ ಬೆಂಕಿ ಹೆಚ್ಚಾಗಿದ್ದ ಬಡ ಬಡಾವಣೆಗಳಲ್ಲೇ ಇದ್ದವು. ಮುಚ್ಚಬೇಕಾದವನ್ನು ಆರಿಸಲು ಬಳಸಿದ ಮಾದರಿಯ ಬಗ್ಗೆ ಟೀಕಾಕಾರರು ಎತ್ತಿದ ಆಕ್ಷೇಪ ನೇರವಾಗಿದೆ: ಅದು ಠಾಣೆಯಿಂದ ಬೆಂಕಿಗೆ ಎಷ್ಟು ನಿಮಿಷ ಎಂದು ಅಳೆಯುತ್ತಿತ್ತು, ಕಂಪನಿ ಠಾಣೆಯಲ್ಲಿ ಇದೆ ಎಂದು ಭಾವಿಸಿಕೊಂಡು. ಠಾಣೆಗಳು ಒತ್ತೊತ್ತಾಗಿರುವ ಬಡಾವಣೆ ಆ ಲೆಕ್ಕದಲ್ಲಿ ಸೌಲಭ್ಯ ಹೆಚ್ಚಿರುವ ಬಡಾವಣೆಯಾಗಿ ಕಾಣುತ್ತದೆ. ಠಾಣೆಗಳು ಒತ್ತೊತ್ತಾಗಿದ್ದರೂ ರಾತ್ರಿ ಎಂಟಕ್ಕೆ ಎಲ್ಲವೂ ಖಾಲಿ ಎಂಬುದು ಕಾಣುವುದಿಲ್ಲ. ವರ್ಗಮೂಲದ ನಿಯಮದಲ್ಲಿ ಯಾವುದು ಜೀವಾಳವಾಗಿತ್ತೋ ಅದೇ, ಠಾಣೆ ಮುಚ್ಚುವ ಹೊತ್ತಿಗೆ, ಕೈಬಿಟ್ಟುಹೋಗಿತ್ತು. ಆ ವರ್ಷಗಳ ಬೆಂಕಿಗೆಲ್ಲ ಈ ಮಾದರಿಯೇ ಕಾರಣವೆನ್ನುವವರೂ ಇದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಪಾಳುಬಿದ್ದ ವಠಾರಗಳು, ಮನೆ ಮಾಲೀಕರು ಕೈತೊಳೆದುಕೊಂಡದ್ದು, ನಿರುದ್ಯೋಗ ಎಲ್ಲವೂ ಅಲ್ಲಿದ್ದವು. ಆದರೆ ಉಳಿದವರೆಷ್ಟು ಎಂದು ಕೇಳಲು ಕಲಿತವರೇ ಆ ಪ್ರಶ್ನೆಯನ್ನು ಬಿಟ್ಟು ಲೆಕ್ಕ ಒಪ್ಪಿಸಿದರೆಂಬುದನ್ನು ನಾನು ಕ್ಷಮಿಸಲಾರೆ.

ಜನ ಸುಮ್ಮನಿರಲಿಲ್ಲ. ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗ್ ಉತ್ತರ ಭಾಗದ 212ನೆಯ ಎಂಜಿನ್ ಕಂಪನಿಯನ್ನು 1975ರ ನವೆಂಬರ್‌ನಲ್ಲಿ ಮುಚ್ಚಲು ಬಂದಾಗ ನೆರೆಹೊರೆಯವರು ಠಾಣೆಯೊಳಗೇ ಬೀಡುಬಿಟ್ಟರು. ಪಾಳಿ ಹಾಕಿಕೊಂಡು ಸುಮಾರು ಹದಿನಾರು ತಿಂಗಳು ಠಾಣೆಯನ್ನು ಹಿಡಿದಿಟ್ಟುಕೊಂಡರು. ಊರಿನವರು ಅದನ್ನು ಜನರ ಠಾಣೆ ಎಂದೇ ಕರೆದರು. ಕೊನೆಗೆ 1977ರಲ್ಲಿ ನಗರಾಡಳಿತ ಕಂಪನಿಯನ್ನು ಮರಳಿ ಕೊಡಬೇಕಾಯಿತು. 2003ರಲ್ಲಿ ಅದು ಮತ್ತೆ ಮುಚ್ಚಿತು, ಆ ಬಾರಿ ಶಾಶ್ವತವಾಗಿ.

1968ರಲ್ಲಿ ನ್ಯೂಯಾರ್ಕಿಗೆ 911 ಎಂಬ ತುರ್ತು ಫೋನ್ ಸಂಖ್ಯೆ ಬಂದಿತ್ತು, 1970ರ ದಶಕದ ಕೊನೆಯ ವೇಳೆಗೆ ಕಂಪ್ಯೂಟರ್ ಆಧಾರಿತ ವ್ಯವಸ್ಥೆಯೂ ಕಾಲಿಟ್ಟಿತು, ಬೀದಿ ಪೆಟ್ಟಿಗೆಗಳಿಗೂ ಮಾತು ಬಂತು. ಕರೆಯಲ್ಲಿ ಏನು ಹೊತ್ತಿದೆ ಎಂಬುದು ತಿಳಿಯುವಂತಾದ್ದರಿಂದ ಯಾವುದಕ್ಕೆ ಎಷ್ಟು ಎಂಬುದನ್ನೂ ಅಳೆದು ಕಳಿಸುವುದು ಸಾಧ್ಯವಾಯಿತು. ಇಂದು ಬೆಂಕಿ ನಿಜವೆಂದು ಸ್ಥಳದಿಂದ 10-75 ಎಂಬ ಸಂಕೇತ ಬಂದರೆ ನಾಲ್ಕನೆಯ ಎಂಜಿನ್ನು, ಮೂರನೆಯ ಲ್ಯಾಡರು, ರಕ್ಷಣಾ ಕಂಪನಿ ಮುಂತಾದವು ತಾವಾಗಿ ಹೊರಡುತ್ತವೆ. ಆ ಹೆಚ್ಚುವರಿ ಲ್ಯಾಡರ್ ಕಂಪನಿಯ ಕೆಲಸ ಬೆಂಕಿ ಆರಿಸುವುದಲ್ಲ, ಒಳಗೆ ಸಿಲುಕುವ ಸಹೋದ್ಯೋಗಿಗಳನ್ನು ಹೊರತರಲು ಸಿದ್ಧವಾಗಿ ನಿಲ್ಲುವುದು. ಬಹುಮಹಡಿ ವಾಣಿಜ್ಯ ಕಟ್ಟಡದ ಬೆಂಕಿಗೆ 10-76 ಎಂಬ ಬೇರೆಯೇ ಸಂಕೇತ, ಬೇರೆಯೇ ದೊಡ್ಡ ಪಟ್ಟಿ. ಪೆಟ್ಟಿಗೆಗಳನ್ನು ಕಿತ್ತುಹಾಕಲು 1990ರ ದಶಕದಲ್ಲಿ ನಗರಾಡಳಿತ ಹೊರಟಾಗ, ಫೋನಿನಲ್ಲಿ ಮಾತಾಡಲಾರದ ಕಿವುಡರ ಸಂಘ ನ್ಯಾಯಾಲಯಕ್ಕೆ ಹೋಗಿ ತಡೆಯಿತು. ಪೆಟ್ಟಿಗೆಯೇ ಇಲ್ಲದ ಮೂಲೆಗೂ ಸಂಖ್ಯೆ ಉಳಿದಿದೆ. ರೇಡಿಯೊದಲ್ಲಿ ಇಂದಿಗೂ ಬೆಂಕಿಯ ಜಾಗವನ್ನು ಪೆಟ್ಟಿಗೆಯ ಸಂಖ್ಯೆಯಿಂದಲೇ ಹೆಸರಿಸುತ್ತಾರೆ.

ಅಂಥ ಸಂಖ್ಯೆಗಳಲ್ಲಿ ಒಂದು 8087, ವಿಶ್ವ ವಾಣಿಜ್ಯ ಕೇಂದ್ರದ್ದು. 2001ರ ಸೆಪ್ಟೆಂಬರ್ 11ರಂದು ಬೆಳಿಗ್ಗೆ 8:46ಕ್ಕೆ ಮೊದಲ ವಿಮಾನ ಅಪ್ಪಳಿಸಿದಾಗ ದಳದಲ್ಲಿ ಪಾಳಿ ಬದಲಾಗುವ ಹೊತ್ತು. ಮುಗಿಸಿದವರೂ ಬಂದವರೂ ಒಂದೇ ವಾಹನ ಹತ್ತಿದರು. ಕಳಿಸದೆಯೇ ಹೊರಟ ಕಂಪನಿಗಳಿದ್ದವು, ಸೇರಬೇಕಾದ ಜಾಗಕ್ಕೆ ಬಾರದೆ ನೇರವಾಗಿ ಗೋಪುರಗಳಿಗೆ ಹೋದವರಿದ್ದರು. ಅಂದು ದಳ 343 ಜನರನ್ನು ಕಳೆದುಕೊಂಡಿತು. ನಗರದ ಉಳಿದ ಭಾಗವನ್ನು ಕಾಯಲು ಅಕ್ಕಪಕ್ಕದ ಕೌಂಟಿಗಳ ನೆರವು ಪಡೆಯಬೇಕಾಯಿತು. ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಯಾರು ಎಲ್ಲಿದ್ದಾರೆಂದು ಕೇಂದ್ರಕ್ಕೆ ತಿಳಿಯದೆ ಹೋದರೆ ಯಾರು ಉಳಿದಿದ್ದಾರೆಂಬುದೂ ತಿಳಿಯುವುದಿಲ್ಲ.

ಈಗಿನ ಕಷ್ಟ ಬೆಂಕಿಯದಲ್ಲ. 1990ರ ದಶಕದ ಮಧ್ಯಭಾಗದಿಂದ ನ್ಯೂಯಾರ್ಕಿನ ಎಂಜಿನ್ ಕಂಪನಿಗಳು ಎದೆನೋವು, ಉಸಿರುಗಟ್ಟುವಿಕೆಯಂಥ ಕರೆಗಳಿಗೂ ಹೋಗುತ್ತವೆ, ಆಂಬುಲೆನ್ಸಿಗಿಂತ ಮೊದಲು ತಲುಪುವ ಸಂಭವವಿದೆಯೆಂಬ ಕಾರಣಕ್ಕೆ. ಒಳ್ಳೆಯ ಕಾರಣವೇ, ಇದರಿಂದ ಎಷ್ಟೋ ಜೀವ ಉಳಿದಿವೆ. ಆದರೆ ಈ ಕೆಲಸ ಎಂಜಿನ್ನುಗಳ ಪಾಲಿನದು, ಲ್ಯಾಡರ್ ಕಂಪನಿಗಳದ್ದಲ್ಲ. ಎಂಜಿನ್ನಿನವರು ರೋಗಿಯೊಬ್ಬರ ಮನೆಯಲ್ಲಿರುವಾಗ ಅದೇ ಠಾಣೆಯ ಎದುರು ಬೀದಿಯಲ್ಲಿ ಬೆಂಕಿ ಬಿದ್ದರೆ, ಹೋಸು ಹೊತ್ತ ಬೇರೆ ಎಂಜಿನ್ನು ಪಕ್ಕದ ಬಡಾವಣೆಯಿಂದ ಬರಬೇಕು. ಠಾಣೆಯಲ್ಲಿದ್ದ ಲ್ಯಾಡರ್ ಕಂಪನಿ ಅದಕ್ಕೂ ಮೊದಲೇ ತಲುಪಿ ಬಾಗಿಲು ಮೀಟಿ ಒಳಗಿರುತ್ತದೆ. ಆಗ ಅವರ ಬಳಿಯಿರುವ ನೀರು ಎರಡೂವರೆ ಗ್ಯಾಲನ್ ಮಾತ್ರ.